ನಿಮ್ಮೂರ ಹೈಸ್ಕೂಲಿನ ಕಥೆಯನ್ನು ನೀವೇ ಬರೆಯುವುದು ಹೇಗೆ

ಶಿರಸಿ ಸೀಮೆಯ ನಮ್ಮ ಹೈಸ್ಕೂಲು ಶುರುವಾದದ್ದು 1951ರ ಜೂನ್‌ನಲ್ಲಿ, ಒಂದು ಅಡಿಕೆ ವಖಾರಿಯ ಅರ್ಧ ಭಾಗದಲ್ಲಿ. ಅಮೃತ ಮಹೋತ್ಸವ ಹತ್ತಿರ ಬಂದಾಗ ಆಡಳಿತ ಮಂಡಳಿಯವರು ಮನೆಗೆ ಬಂದರು. "ಅಕ್ಕೋರೇ, ಶಾಲೆಯ ಇತಿಹಾಸ, ಧ್ಯೇಯ, ಆಡಳಿತ ಎಲ್ಲ ಸೇರಿಸಿ ಒಂದು ಪುಸ್ತಿಕೆ ಮಾಡಿಕೊಡಿ" ಅಂದರು. ಅಲ್ಲಿ 29 ವರ್ಷ ಸಮಾಜ ವಿಜ್ಞಾನ ಕಲಿಸಿದವಳು ನಾನು. ಎರಡು ವಾರದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಎಂಟು ತಿಂಗಳು ಹಿಡಿಯಿತು.

ಈಗ ಸುತ್ತಲಿನ ಬೇರೆ ಶಾಲೆಯವರೂ ಕೇಳುತ್ತಿದ್ದಾರೆ, ಹೇಗೆ ಮಾಡಿದಿರಿ ಅಂತ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಊರಿನ ಜನ ಸೇರಿ ಕಟ್ಟಿದ ಯಾವ ಹೈಸ್ಕೂಲಿಗಾದರೂ ಇದು ಹೊಂದುತ್ತದೆ.

ಶಾಲೆ ಊರಿನದು ಅಂತ ಎಲ್ಲರೂ ಹೇಳುತ್ತೇವೆ, ಅಲ್ವಾ? ಆ ಊರು ಅಂದರೆ ಯಾರ್ಯಾರು? ಅದು ಪುಸ್ತಿಕೆಯಲ್ಲಿ ಕಾಣಬೇಕು. ಅಧ್ಯಕ್ಷರ ಫೋಟೋಗಳನ್ನು ಸಾಲಾಗಿ ಹಾಕಿ, ಮಂತ್ರಿಗಳ ಶುಭಾಶಯ ಪತ್ರ ಸೇರಿಸಿ, ಜಾಹೀರಾತು ತುಂಬಿದರೆ ಪುಸ್ತಕವೇನೋ ಆಗುತ್ತದೆ. ಆದರೆ ಅದು ಊರಿನ ಕಥೆ ಆಗುವುದಿಲ್ಲ.

ಮೊದಲು ಕಪಾಟು ತೆರೆಯಿರಿ

ಬರೆಯೋಕೆ ಕೂರಬೇಡಿ. ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆಫೀಸಿನ ಹಳೇ ಕಪಾಟು ತೆರೆಯಿರಿ. ಹುಡುಕಬೇಕಾದದ್ದು ಇವು: ಶಾಲೆ ನಡೆಸುವ ಸಂಘದ ನೋಂದಣಿ ಪತ್ರ ಮತ್ತು ಬೈಲಾ (ನಿಯಮಾವಳಿ), ಸಭೆಯ ನಡಾವಳಿ ಪುಸ್ತಕಗಳು, ಮೊದಲ ದಾಖಲಾತಿ ರಜಿಸ್ಟರ್, ಜಮೆ-ಖರ್ಚಿನ ಪುಸ್ತಕ, ಇನ್‌ಸ್ಪೆಕ್ಟರರ ತಪಾಸಣೆ ವರದಿಗಳು, ಮಾನ್ಯತೆ ಮತ್ತು ಅನುದಾನದ ಆದೇಶಗಳು, ಜಾಗದ ಕಾಗದ.

ನಮ್ಮಲ್ಲಿ ನಡಾವಳಿ ಪುಸ್ತಕದ ಎರಡನೇ ಸಂಪುಟವನ್ನು ಗೆದ್ದಲು ಅರ್ಧ ತಿಂದಿತ್ತು. ಮಲೆನಾಡಿನಲ್ಲಿ ಇದು ಎಲ್ಲ ಶಾಲೆಯ ಪಾಡು. ಕಪಾಟಿನ ಕೆಳಗಿನ ಹಲಗೆಯಲ್ಲಿ, ಗೋಡೆಗೆ ಒತ್ತಿ ಇಟ್ಟ ಪುಸ್ತಕವೇ ಮೊದಲು ಹೋಗುವುದು. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ. ಹಾಳೆ ಮುರುಟುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ ಫ್ಯಾನ್ ಗಾಳಿಗೆ ಬಿಡಿಸಿಟ್ಟು, ಹಾಳೆಗಳ ನಡುವೆ ಒಣ ಕಾಗದ ಇಟ್ಟು ಬದಲಾಯಿಸುತ್ತಾ ಇರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷದಲ್ಲಿ ಅದೇ ಹಳದಿಯಾಗಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಆಮೇಲೆ ಪ್ರತಿ ಪುಟದ ಫೋಟೋ ತೆಗೆಯಿರಿ. ಮೊಬೈಲ್ ಸಾಕು. ಜಗಲಿಯ ಬೆಳಕಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ, ಪುಸ್ತಕವನ್ನು ಚಪ್ಪಟೆಯಾಗಿ ಇಟ್ಟು ನೇರ ಮೇಲಿಂದ. ನಮ್ಮ ಒಂಬತ್ತನೇ ತರಗತಿಯ ಮೂವರು ಮಕ್ಕಳು ನಾಲ್ಕು ಶನಿವಾರದಲ್ಲಿ ಇಡೀ ನಡಾವಳಿ ಮುಗಿಸಿಕೊಟ್ಟರು. ದಾಖಲಾತಿ ರಜಿಸ್ಟರನ್ನು ಮಾತ್ರ ನಾನೇ ತೆಗೆದೆ. ಅದರಲ್ಲಿ ಜಾತಿ, ಹುಟ್ಟಿದ ತಾರೀಖು, ತಂದೆಯ ಕಸುಬು ಎಲ್ಲ ಇರುತ್ತದೆ. ಅದು ವಾಟ್ಸ್ಯಾಪ್ ಗುಂಪಿನಲ್ಲಿ ಓಡಾಡಬಾರದು. ಪುಸ್ತಿಕೆಯಲ್ಲೂ ಆ ಪುಟ ಅಚ್ಚಾಗಬಾರದು.

ತಾರೀಖಿಲ್ಲದ ಕಾಗದ ಬಹಳ ಸಿಗುತ್ತವೆ. ಅವುಗಳ ಕಾಲ ಹಿಡಿಯೋಕೆ ಕೆಲವು ಗುರುತುಗಳಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಮುಂಬೈ ಸರ್ಕಾರದ ಮೊಹರು ಇದ್ದರೆ ಅದಕ್ಕಿಂತ ಹಿಂದಿನದು. ಮೈಸೂರು ಸರ್ಕಾರ ಅಂತಿದ್ದರೆ 1956ರಿಂದ 1973ರ ನಡುವಿನದು. ಕರ್ನಾಟಕ ಸರ್ಕಾರ ಅಂತಿದ್ದರೆ 1973ರ ನವೆಂಬರ್ 1ರ ಈಚಿನದು. ದುಡ್ಡಿನ ಲೆಕ್ಕ ಆಣೆ ಪೈಯಲ್ಲಿದ್ದರೆ, ಅಂದರೆ ಐದು ರೂಪಾಯಿ ಎಂಟಾಣೆಗೆ 5-8-0 ಅಂತ ಬರೆದಿದ್ದರೆ, ಅದು ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಮೊದಲಿನದು. ಆ ತಿಂಗಳು ನಯಾ ಪೈಸೆ ಬಂತು. ಆದರೆ ಹಳ್ಳಿಯ ಲೆಕ್ಕದಲ್ಲಿ ಆಣೆ ಇನ್ನೂ ಕೆಲವು ವರ್ಷ ಉಳಿದಿತ್ತು. ಅದಕ್ಕೇ ಒಂದೇ ಗುರುತು ನಂಬಬೇಡಿ, ಎರಡು ಕೂಡಿಸಿ ನೋಡಿ. ನಮ್ಮ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಶುರುವಾದದ್ದೇ 1966ರಲ್ಲಿ. ಅದರ ಹಿಂದಿನ ಪರೀಕ್ಷೆಯ ಕಾಗದಗಳಲ್ಲಿ ಬೇರೆ ಮಂಡಳಿಯ ಹೆಸರು ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ದಕ್ಷಿಣ ಕನ್ನಡದವರಿಗೆ ಮದ್ರಾಸಿನ ಕಾಗದ ಸಿಗುತ್ತವೆ, ಕಲಬುರಗಿ ಕಡೆಯವರಿಗೆ ಹೈದರಾಬಾದಿನದು, ಉರ್ದುವಿನಲ್ಲೂ. ಓದಲು ಬಾರದ ಲಿಪಿಯ ಕಾಗದವನ್ನು ಎಸೆಯಬೇಡಿ. ಓದುವವರು ಸಿಗುತ್ತಾರೆ.

ದಾನದ ಪಟ್ಟಿಯನ್ನು ಮೊಟಕು ಮಾಡಬೇಡಿ

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು 1954ರ ನಡಾವಳಿಯ ಒಂದು ಪುಟ. ಹೊಸ ಕಟ್ಟಡಕ್ಕೆ ಯಾರು ಏನು ಕೊಟ್ಟರು ಅನ್ನೋ ಪಟ್ಟಿ. ಮೇಲೆ ದೊಡ್ಡ ತೋಟದವರ ಹೆಸರು, ನೂರು ರೂಪಾಯಿ, ಇನ್ನೂರು ರೂಪಾಯಿ. ಕೆಳಗೆ ಬರುತ್ತಾ ದುಡ್ಡು ನಿಲ್ಲುತ್ತದೆ, ವಸ್ತು ಶುರುವಾಗುತ್ತದೆ. ಒಬ್ಬರು ಅರ್ಧ ಮಣ ಅಡಿಕೆ. ಒಬ್ಬರು ನಾಟಾ ಎರಡು ತುಂಡು. ಒಬ್ಬರು ಕಲ್ಲು ಒಡೆದು ಕೊಟ್ಟದ್ದು ಆರು ದಿನ. ಒಬ್ಬಾಕೆ ಕೆಲಸಗಾರರಿಗೆ ಮಜ್ಜಿಗೆ, ಬೇಸಿಗೆ ಪೂರ್ತಿ. ಹಂಚು ತರಲು ಗಾಡಿ ಮೂರು. ಕೊನೆಗೆ "ಸಹಾಯಾರ್ಥ ಆಟದ ಟಿಕೆಟ್ ಜಮೆ" ಅಂತ ಒಂದು ಸಾಲು. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ದುಡ್ಡು ಸೇರದ ಶಾಲೆಯ ಗೋಡೆ ಬಹಳ ಕಡಿಮೆ ಅಂತ ನನ್ನ ನಂಬಿಕೆ.

ಜಾಗ ಉಳಿಸೋಕೆ ಇಂಥ ಪಟ್ಟಿಯನ್ನು "ಊರ ದಾನಿಗಳ ನೆರವಿನಿಂದ" ಅಂತ ಒಂದು ಸಾಲಿಗೆ ಇಳಿಸುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ನಾಲ್ಕು ಪುಟ ಹೋದರೂ ಹೋಗಲಿ. ಮಜ್ಜಿಗೆ ಕೊಟ್ಟವರ ಮೊಮ್ಮಗಳು ಈಗ ನಮ್ಮಲ್ಲೇ ಎಂಟನೇ ತರಗತಿಯಲ್ಲಿದ್ದಾಳೆ. ಅವಳಿಗೆ ಆ ಸಾಲು ಬೇಕು.

ಜಾಗದ ಕಾಗದ ನೋಡುವಾಗ ಒಂದು ಎಚ್ಚರಿಕೆ. ಹಳೇ ಕಾಲದಲ್ಲಿ ಬಾಯಿ ಮಾತಲ್ಲೋ, ಸಾದಾ ಕಾಗದದಲ್ಲೋ ಜಾಗ ಕೊಟ್ಟಿರುತ್ತಾರೆ. ಕಾನೂನಿನ ಪ್ರಕಾರ ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗಿರಲೇಬೇಕು. ಪಹಣಿ ತೆಗೆಸಿ 9ನೇ ಕಾಲಂ ನೋಡಿ, ಮಾಲೀಕರ ಹೆಸರು ಅಲ್ಲಿರುತ್ತದೆ. 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳು. ನಮ್ಮ ಶಾಲೆಯ ಆಟದ ಬಯಲಿನ ಪಹಣಿಯಲ್ಲಿ ತೀರಿಕೊಂಡ ದಾನಿಯ ಹೆಸರೇ ಇತ್ತು! ಇತಿಹಾಸ ಬರೆಯಲು ಹೋಗಿದ್ದರಿಂದ ಅದು ಗೊತ್ತಾಯಿತು. ಅವರ ಮೊಮ್ಮಗನ ಮನೆಗೆ ಹೋಗಿ ಸಂಕೋಚದಿಂದ ವಿಷಯ ಎತ್ತಿದೆ. "ಅಜ್ಜ ಕೊಟ್ಟದ್ದನ್ನ ನಾನು ತಿರುಗಿ ಕೇಳ್ತೇನಾ ಅಕ್ಕೋರೇ? ಎಲ್ಲಿ ಸಹಿ ಹಾಕಬೇಕು ಹೇಳಿ" ಅಂದರು. ಉಳಿದ ವಾರಸುದಾರರನ್ನೂ ಅವರೇ ಒಪ್ಪಿಸಿದರು. ಎಲ್ಲ ಕಡೆ ಇಷ್ಟು ಸಲೀಸಾಗಿ ಆಗುವುದಿಲ್ಲ. ಕೊಟ್ಟವರನ್ನು ಕಂಡವರು ಬದುಕಿರುವಾಗಲೇ ಇದನ್ನು ಮುಗಿಸಿಕೊಳ್ಳಿ.

ಬಿಟ್ಟ ಕಾರಣದ ಕಾಲಂ

ದಾಖಲಾತಿ ರಜಿಸ್ಟರ್‌ನಲ್ಲಿ ಎಲ್ಲರೂ ಎಡಗಡೆ ನೋಡುತ್ತಾರೆ. ಹೆಸರು, ಊರು, ಯಾರು ಮೊದಲ ವಿದ್ಯಾರ್ಥಿ ಅಂತ. ನೀವು ಬಲಗಡೆ ಕೊನೆಗೆ ಹೋಗಿ. ಅಲ್ಲಿ "ಶಾಲೆ ಬಿಟ್ಟ ಕಾರಣ" ಅಂತ ಒಂದು ಕಾಲಂ ಇರುತ್ತದೆ.

ನಮ್ಮ ಮೊದಲ ವರ್ಷದ ಪುಟಗಳಲ್ಲಿ ಹುಡುಗಿಯರ ಹೆಸರು ಐದೇ. ಮೂವರ ಮುಂದೆ ಒಂದೇ ಪದ, ಅದೇ ನೀಲಿ ಶಾಯಿಯಲ್ಲಿ: ಮದುವೆ. ಹುಡುಗರ ಮುಂದೆ "ಮನೆಗೆಲಸ", "ಬಡತನ", "ಊರು ಬಿಟ್ಟಿದ್ದಾರೆ". ನಾನು ಒಂದು ಸಂಜೆ ಪೂರ್ತಿ ಆ ಕಾಲಂ ಒಂದನ್ನೇ ಓದುತ್ತಾ ಕೂತಿದ್ದೆ. ಅದೇ ಶಾಲೆಯಲ್ಲಿ ಅಷ್ಟು ವರ್ಷ ಕಲಿಸಿದರೂ ಅದನ್ನು ತೆರೆದು ನೋಡಿರಲಿಲ್ಲ.

ಹಾಗೇ ಮುಂದಿನ ದಶಕಗಳ ಕಾಲಂ ನೋಡುತ್ತಾ ಬನ್ನಿ. "ಮದುವೆ" ಅನ್ನೋದು ಯಾವಾಗ ಕಡಿಮೆಯಾಯಿತು, ಯಾವಾಗ ನಿಂತಿತು, ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಆಯಾ ಕಾಲದಲ್ಲಿ ಏನಾಯಿತು ಅಂತ ಇಡಿ. ಊರಿಗೆ ಬಸ್ಸು ಬಂದದ್ದು, ಹೊಳೆಗೆ ಸೇತುವೆ ಆದದ್ದು, 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು, 2007ರಲ್ಲಿ ಬಿಸಿಯೂಟ ಹೈಸ್ಕೂಲಿನವರೆಗೂ ಬಂದದ್ದು. ಶಾಲೆಯ ಇತಿಹಾಸದ ಬೆನ್ನೆಲುಬು ಇಲ್ಲೇ ಸಿಗುತ್ತದೆ.

ಮೊದಲ ಪುಟದ ಆ ಮೂವರಲ್ಲಿ ಒಬ್ಬರು ಇನ್ನೂ ಇದ್ದಾರೆ, ನಾಲ್ಕು ಮೈಲಿ ಆಚೆಯ ಹಳ್ಳಿಯಲ್ಲಿ. ಹೋಗಿ ಮಾತಾಡಿಸಿದೆ. ಇಲ್ಲಿ ನಾನು ಕಲಿತ ಪಾಠ ಏನಂದರೆ, "ಆಗ ಶಾಲೆ ಹೇಗಿತ್ತು ಅಜ್ಜಿ?" ಅಂತ ಕೇಳಬಾರದು. "ಚೆನ್ನಾಗಿತ್ತು ಮಗಾ" ಅಂತಾರೆ, ಮಾತು ಮುಗಿಯುತ್ತದೆ. "ಮಳೆಗಾಲದಲ್ಲಿ ಹೊಳೆ ಹೇಗೆ ದಾಟ್ತಿದ್ರಿ?" ಅಂತ ಕೇಳಿದೆ. ಅಜ್ಜಿ ನೆಟ್ಟಗೆ ಕೂತರು. ಕಾಲುಸಂಕದ ಮೇಲೆ ಪಾಚಿ ಕಟ್ಟಿರುತ್ತಿತ್ತಂತೆ. ಅಣ್ಣ ಮುಂದೆ, ಇವರು ಹಿಂದೆ, ಅಣ್ಣನ ಕಂಬಳಿ ಕೊಪ್ಪೆಯ ತುದಿ ಕೈಯಲ್ಲಿ. ಪಾಟಿಚೀಲ ತಲೆ ಮೇಲೆ. ಒಂದು ಆಷಾಢದಲ್ಲಿ ಸಂಕವೇ ತೇಲಿಹೋಗಿ ಹನ್ನೊಂದು ದಿನ ಶಾಲೆಗೆ ಹೋಗಲಾಗಲಿಲ್ಲ. "ಆ ಹನ್ನೊಂದು ದಿನದಲ್ಲೇ ನನ್ನ ಜಾತಕ ಹೊರಗೆ ಬಿತ್ತು" ಅಂದರು.

ಊಟ ಏನು ಕಟ್ಟಿಕೊಂಡು ಹೋಗುತ್ತಿದ್ದಿರಿ, ಎಲ್ಲಿ ಕೂರುತ್ತಿದ್ದಿರಿ, ಯಾವ ಮಾಸ್ತರು ಹೊಡೆಯುತ್ತಿದ್ದರು, ಫೀಗೆ ದುಡ್ಡು ಯಾರು ಕೊಟ್ಟರು. ಇಂಥದ್ದನ್ನೇ ಕೇಳಿ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಬರೆದ ಮೇಲೆ ಅವರಿಗೇ ಓದಿ ಹೇಳಿ, ಹೆಸರು ಹಾಕಬಹುದಾ ಅಂತ ಕೇಳಿ. ಆ ಅಜ್ಜಿ ತಮ್ಮ ಹೆಸರು ಬೇಡ ಅಂದರು. ಹಾಕಲಿಲ್ಲ.

ಮೌಲ್ಯ ಅಂತ ಬರೆಯುವಾಗ

"ಶಿಸ್ತು, ಸಂಸ್ಕಾರ, ಸರ್ವಾಂಗೀಣ ಅಭಿವೃದ್ಧಿ." ನಾನೂ ಮೊದಲು ಹೀಗೇ ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಯಾವ ಶಾಲೆಯ ಹೆಸರು ಹಾಕಿದರೂ ಹೊಂದುವ ಮಾತು ಯಾವ ಶಾಲೆಯದೂ ಅಲ್ಲ.

ದುಡ್ಡು ಕಡಿಮೆ ಇದ್ದಾಗ ಆಡಳಿತ ಮಂಡಳಿ ಏನನ್ನು ಬಿಟ್ಟಿತು, ಏನನ್ನು ಬಿಡಲಿಲ್ಲ? ಅಲ್ಲಿ ಮೌಲ್ಯ ಇರುತ್ತದೆ. ನಡಾವಳಿಯಲ್ಲಿ ಠರಾವುಗಳನ್ನು ಓದಿ. ನಮ್ಮಲ್ಲಿ ಒಂದು ವರ್ಷ ಅಡಿಕೆ ದರ ಬಿದ್ದು ಮನೆಮನೆಯ ವಂತಿಗೆ ಬರಲಿಲ್ಲ. ಆಗಿನ ಠರಾವು: ಹೊಸ ಕೋಣೆಯ ಕೆಲಸ ನಿಲ್ಲಿಸುವುದು, ಲೈಬ್ರರಿಯ ಪುಸ್ತಕದ ಹಣ ಮುಟ್ಟದಿರುವುದು. ಇದನ್ನು ಹಾಗೇ ಎತ್ತಿ ಅಚ್ಚು ಹಾಕಿದೆ.

ದೊಡ್ಡ ಸಂಸ್ಥೆಗಳ ಕಥೆಯಲ್ಲೂ ಇದೇ ಕಾಣುತ್ತದೆ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಜನ ಅವರನ್ನು ಸಪ್ತರ್ಷಿಗಳು ಅಂತ ಕರೆದರು. ನಮ್ಮ ಜಿಲ್ಲೆಯಲ್ಲಿ ಗೇಣಿದಾರ ರೈತರ ಪರ ಹೋರಾಡಿದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿದರು. ಅದರ ಹಲವು ಹೈಸ್ಕೂಲುಗಳಿಗೆ ಜನತಾ ವಿದ್ಯಾಲಯ ಅಂತ ಹೆಸರು. ಯಾರಿಗಾಗಿ ಕಟ್ಟಿದ್ದು ಅನ್ನೋದು ಬೋರ್ಡಿನಲ್ಲೇ ಇದೆ, ಅಲ್ವಾ? ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಲು ಗೌರಿಬಿದನೂರು ಕಡೆಯ ಹೊಸೂರಿನಿಂದ ನಡೆದೇ ಹೋದ ಹುಡುಗ ಎಚ್. ನರಸಿಂಹಯ್ಯ. ಮುಂದೆ ಅದೇ ಸಂಸ್ಥೆಯನ್ನು ನಡೆಸುವವರಾದ ಮೇಲೂ ಅವರು ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. ಅವರ ಶಾಲೆಯವರು ಸರಳತೆ ಅಂತ ಬೇರೆ ಬರೆಯಬೇಕಿಲ್ಲ. ಕೋಣೆಯ ಕಥೆ ಹೇಳಿದರೆ ಸಾಕು.

ಇನ್ನೊಂದು ಮಾತು ಹೇಳಲೇಬೇಕು. ಒಳ್ಳೆಯದನ್ನು ಮಾತ್ರ ಬರೆಯಬೇಡಿ. ನಮ್ಮ ಕಡೆ ಹಳಬರು ವಾರಾನ್ನದ ಬಗ್ಗೆ ಪ್ರೀತಿಯಿಂದ ಹೇಳುತ್ತಾರೆ. ದೂರದ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಂತೆ ಊಟ ಹಾಕಿದ ಮನೆಗಳು. ನಿಜ, ಅದು ದೊಡ್ಡ ಉಪಕಾರ. ಆದರೆ ಯಾವ ಹುಡುಗರಿಗೆ ಆ ಮನೆಗಳ ಬಾಗಿಲು ತೆರೆದಿತ್ತು, ಯಾರಿಗೆ ತೆರೆದಿರಲಿಲ್ಲ? ಈ ಪ್ರಶ್ನೆ ನಾನು ಕೇಳಿದಾಗ ಒಬ್ಬ ಹಿರಿಯ ಹಳೇ ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ದಿನಾ ಏಳು ಮೈಲಿ ನಡೆದೆ ಅಕ್ಕೋರೇ. ನಂಗೆ ವಾರಾನ್ನ ಇರಲಿಲ್ಲ" ಅಂದರು. ವಾರಾನ್ನದ ಪುಟದಲ್ಲೇ ಈ ಮಾತನ್ನೂ ಸೇರಿಸಿದೆ. ಸಮಿತಿಯಲ್ಲಿ ಇಬ್ಬರು ಬೇಡ ಅಂದರು. ಎರಡು ಸಭೆ ಚರ್ಚೆಯಾಯಿತು. ನಾನು ಬಿಡಲಿಲ್ಲ, ಪುಟ ಉಳಿಯಿತು. ಊಟ ಹಾಕಿದವರ ಹೆಸರು ಹಾಕಿ, ನಡೆದವರನ್ನು ಬಿಟ್ಟರೆ ಅದು ಊರಿನ ಶಾಲೆಯ ಇತಿಹಾಸ ಹೇಗಾದೀತು?

ಆಡಳಿತದ ಪುಟ

ಇದನ್ನು ಜನ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಪೋಷಕರಿಗೆ ಅತಿ ಹೆಚ್ಚು ಬೇಕಾದ ಪುಟ ಇದೇ. ಗುರಿ ಒಂದೇ: ಓದಿದ ತಾಯಿಗೆ "ಈ ವಿಷಯಕ್ಕೆ ನಾನು ಯಾರನ್ನು ಕೇಳಬೇಕು" ಅಂತ ಗೊತ್ತಾಗಬೇಕು.

ನಮ್ಮದು ಅನುದಾನಿತ ಶಾಲೆ. ಊರಿನವರ ವಿದ್ಯಾವರ್ಧಕ ಸಂಘ, ಅದರ ಸದಸ್ಯರು ಆರಿಸುವ ಆಡಳಿತ ಮಂಡಳಿ, ಶಾಲೆ ನಡೆಸುವ ಮುಖ್ಯೋಪಾಧ್ಯಾಯರು. ಆಚೆ ಕಡೆ ಇಲಾಖೆ: ತಾಲೂಕಿಗೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಮೇಲೆ ಡಿಡಿಪಿಐ, ಅಂದರೆ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು. ಶಿರಸಿ ಬೇರೆಯೇ ಶೈಕ್ಷಣಿಕ ಜಿಲ್ಲೆ ಆದ್ದರಿಂದ ನಾವು ಕಾರವಾರದವರೆಗೆ ಹೋಗಬೇಕಿಲ್ಲ. ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರದ್ದು. ಕಟ್ಟಡ, ರಿಪೇರಿ ಸಂಘದ್ದು. ಖಾಲಿಯಾದ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. ಅದು ಬರುವವರೆಗೆ ಸಂಘವೇ ತನ್ನ ದುಡ್ಡಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತದೆ. ಯಾವ ಶಿಕ್ಷಕರಿಗೆ ಯಾರ ಸಂಬಳ ಅನ್ನೋದನ್ನು ಬಿಚ್ಚಿ ಬರೆಯಿರಿ. ಗಣಿತಕ್ಕೆ ಯಾಕೆ ಕಾಯಂ ಶಿಕ್ಷಕರಿಲ್ಲ ಅಂತ ಪೋಷಕರು ಸುಮ್ನೆ ಮುಖ್ಯೋಪಾಧ್ಯಾಯರ ಮೇಲೆ ರೇಗುವುದು ಆಗ ತಪ್ಪುತ್ತದೆ.

ನಿಮ್ಮದು ಸರ್ಕಾರಿ ಹೈಸ್ಕೂಲಾದರೆ ಸಂಘದ ಜಾಗದಲ್ಲಿ ಎಸ್‌ಡಿಎಂಸಿ ಇರುತ್ತದೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಬಂದ ವ್ಯವಸ್ಥೆ ಅದು. ಅದರಲ್ಲಿ ಪೋಷಕರೇ ಮುಖ್ಯ. ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಸೇರುತ್ತದೆ ಅನ್ನೋದನ್ನು ಹಾಕಿ.

ಸಂಘದ ಬೈಲಾವನ್ನು ಪೂರ್ತಿ ಓದಿ. ಸುಲಭ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ: ಸದಸ್ಯರಾಗುವುದು ಹೇಗೆ, ಶುಲ್ಕ ಎಷ್ಟು, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಸಭೆಗೆ ಕೋರಂ ಎಷ್ಟು, ಚೆಕ್ಕಿಗೆ ಯಾರ ಸಹಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಆಗಲೇಬೇಕು. ಅದಾಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು. ನಮ್ಮ ಸಂಘ ಇದನ್ನು ಹಲವು ವರ್ಷ ಕಳಿಸಿರಲಿಲ್ಲ. ಯಾರದೂ ಕೆಟ್ಟ ಉದ್ದೇಶವಲ್ಲ. ಕಾರ್ಯದರ್ಶಿಗಳು ಬದಲಾದರು, ಫೈಲು ಒಬ್ಬರ ಮನೆಯ ಅಟ್ಟದಲ್ಲಿ ಉಳಿಯಿತು. ದಂಡ ಕಟ್ಟಿ ಸರಿ ಮಾಡಿಸಲು ಆರು ತಿಂಗಳು ಓಡಾಡಿದೆವು. ಫೈಲು ಶಾಲೆಯಲ್ಲೇ ಇರಬೇಕು ಅಂತ ಈಗ ಠರಾವು ಮಾಡಿದ್ದೇವೆ.

ಸದಸ್ಯರ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಿ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡಿದ್ದರು. ಬದುಕಿದ್ದವರಲ್ಲಿ ಹೆಂಗಸರು ನಾವು ನಾಲ್ಕೇ ಜನ. 75 ವರ್ಷದಲ್ಲಿ ಅಷ್ಟೊಂದು ಹುಡುಗಿಯರು ಕಲಿತು ಹೋದ ಶಾಲೆ! ನನಗೆ ಬಹಳ ಬೇಸರವಾಯಿತು. ಹಳೇ ವಿದ್ಯಾರ್ಥಿನಿಯರಿಗೆ ಫೋನ್ ಮಾಡಿದೆ. ಮೊದಲ ತಿಂಗಳಲ್ಲೇ 41 ಜನ ಆಜೀವ ಸದಸ್ಯರಾದರು. ಪುಸ್ತಿಕೆಯ ಆಡಳಿತದ ಪುಟದ ಕೆಳಗೆ ಸದಸ್ಯತ್ವದ ಅರ್ಜಿಯನ್ನೂ ಅಚ್ಚು ಹಾಕಿಸಿ. ಕತ್ತರಿಸಿ ತುಂಬುವ ಹಾಗೆ ಇರಲಿ.

ಪ್ರೆಸ್ಸಿಗೆ ಕೊಡುವ ಮೊದಲು

ಕರಡನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಒಂದು ಬದಿ ಖಾಲಿ ಬಿಟ್ಟು ಹೊಲಿಸಿ. ಅದನ್ನು ಒಂದು ತಿಂಗಳು ಜನ ಕೂರುವ ಕಡೆ ಇಡಿ. ನಾವು ಹಾಲಿನ ಡೇರಿಯಲ್ಲಿ ಇಟ್ಟೆವು, ದಾರಕ್ಕೆ ಕಟ್ಟಿದ ಒಂದು ಕೆಂಪು ಪೆನ್ನಿನ ಜೊತೆ. ಬೆಳಿಗ್ಗೆ ಹಾಲು ಹಾಕಲು ಬಂದವರು ಓದಿದರು, ಜಗಳವಾಡಿದರು, ಬರೆದರು. ಇನ್ಷಿಯಲ್ ತಪ್ಪು, ಮನೆತನ ತಪ್ಪು, ಫೋಟೋದಲ್ಲಿ ಎಡಗಡೆಯಿಂದ ಎರಡನೆಯವರು ಅವರಲ್ಲ, ಅವರ ತಮ್ಮ. ಒಟ್ಟು 63 ತಿದ್ದುಪಡಿ ಬಂದವು.

ಅದರಲ್ಲಿ ಒಂದು, ನಡುಗುವ ಕೈಯಲ್ಲಿ ಬರೆದದ್ದು: "ಹಂಚು ತಂದ ಗಾಡಿ ಮೂರಲ್ಲ, ಐದು. ಎರಡು ನಮ್ಮಪ್ಪಂದು."

ನಡಾವಳಿಯಲ್ಲಿ ಮೂರು ಅಂತಲೇ ಇತ್ತು. ಆದರೂ 1954ರ ಖರ್ಚಿನ ಪುಸ್ತಕ ತೆಗೆದು ನೋಡಿದೆ. ಏಪ್ರಿಲ್ ತಿಂಗಳ ಪುಟದಲ್ಲಿ, "ಹಂಚಿನ ಗಾಡಿಯವರಿಗೆ ಅವಲಕ್ಕಿ, ಚಹಾ, ಐದು ಜನ" ಅಂತ ಬರೆದಿತ್ತು. ತಿದ್ದಿ ಪ್ರೆಸ್ಸಿಗೆ ಕೊಟ್ಟೆ.